ಹೊರಬಾಗಿಲ ಅಮ್ಮಿಯ ತೀರ್ಥ

ರೋಮ್ ಚಕ್ರವರ್ತಿಗಳ ಆಜ್ಞೆಯು ಸಮುದ್ರದಿಂದ ಸಮುದ್ರದವರೆಗೆ ನಡೆಯುತ್ತಿದ್ದ ಪುರಾತನ ಕಾಲದಲ್ಲಿ, ಕಪ್ಪದೋಕ್ಯವೆಂಬ ಎತ್ತರದ ನಾಡಿನ ಸೋರಂಡ ಕಣಿವೆಯಲ್ಲಿ, ಮೆದುಬಂಡೆಯನ್ನು ಕೊರೆದು ಅದರೊಳಗೇ ಮನೆ, ಕಣಜ, ಪಾರಿವಾಳದ ಗೂಡುಗಳನ್ನು ಮಾಡಿಕೊಂಡು ಬಾಳುವ ಜನರಿದ್ದರು. ಯೆರೂಸಲೇಮಿನಲ್ಲಿ ಪಂಚಾಶತ್ತಮವೆಂಬ ಐವತ್ತನೆಯ ದಿನದ ಹಬ್ಬದಂದು ಪವಿತ್ರಾತ್ಮವು ಇಳಿದಾಗ, ತಂತಮ್ಮ ತಾಯ್ನುಡಿಯಲ್ಲಿಯೇ ದೇವಮಹಿಮೆಯನ್ನು ಕೇಳಿ ಬೆರಗಾದವರಲ್ಲಿ ಕಪ್ಪದೋಕ್ಯದವರೂ ಇದ್ದರಷ್ಟೆ. ಅವರು ಹೊತ್ತು ತಂದ ಸುವಾರ್ತೆಯು ತಲೆಮಾರುಗಳ ಕಾಲ ಈ ಕಣಿವೆಯಲ್ಲಿ ಸದ್ದಿಲ್ಲದೆ ಬೆಳೆದಿತ್ತು. ಆಮೇಲೆ, ಸಾಮ್ರಾಜ್ಯದ ಪ್ರತಿಯೊಬ್ಬ ಪ್ರಜೆಯೂ ಚಕ್ರವರ್ತಿಯ ಪ್ರತಿಮೆಗೆ ಧೂಪ ಹಾಕತಕ್ಕದ್ದು, ಹಾಕದವರು ವಧಾರ್ಹರು ಎಂಬ ಕಠೋರ ಶಾಸನವು ಹೊರಟಾಗ, ದೂರದೂರದ ಪಟ್ಟಣಗಳಿಂದ ಧರ್ಮಗ್ರಂಥಗಳನ್ನು ಎದೆಗವಚಿಕೊಂಡು ಓಡಿಬಂದ ಭಕ್ತರಿಗೆ ಆಶ್ರಯವಾದದ್ದು ಈ ಬಂಡೆ ಕೊರೆಯುವವರ ಕೈಚಳಕವೇ.

ಆ ಕೊರೆಯುವವರಲ್ಲಿ ಅಗ್ರಗಣ್ಯನಾದವನು ದತೇಮ. ಹೆತ್ತವರನ್ನು ಕಳೆದುಕೊಂಡಿದ್ದ ಅವನನ್ನು, ಪಾರಿವಾಳ ಸಾಕಿಕೊಂಡಿದ್ದ ಅಮ್ಮಿಯಳೆಂಬ ವಿಧವೆಯು ತನ್ನ ಮಡಿಲಿಗೆ ಹಾಕಿಕೊಂಡು, ಮಾತು ಕಲಿಸುವಾಗಲೇ ಪ್ರಾರ್ಥನೆಯನ್ನೂ ಕಲಿಸಿ ಬೆಳೆಸಿದ್ದಳು. ಏಳು ತಿರುವುಗಳ ಸುರಂಗವನ್ನು ಕೊರೆದು, ಅದರ ಬಾಯಿಗೆ ಬೀಸುಕಲ್ಲಿನಂತಹ ದುಂಡುಬಂಡೆಯ ಬಾಗಿಲನ್ನು ಹೂಡಿದವನು ಅವನೇ. ಒಳಗಡಗಿದ್ದ ಮುನ್ನೂರು ಮಂದಿಗೆ ಎಣ್ಣೆಯನ್ನೂ ಹುರಿದ ಗೋಧಿಯನ್ನೂ ತಂದುಕೊಡುತ್ತಿದ್ದವನೂ ಅವನೇ.

ಹೀಗೆ ಎಣ್ಣೆಯ ಕೊಡ ಹೊತ್ತು ಬರುತ್ತಿದ್ದ ಒಂದು ಬೆಳಗ್ಗೆ ಅವನು ಸೈನಿಕರ ಕೈಗೆ ಸಿಕ್ಕಿದನು. ದಳಪತಿಯು ಜರದಾಳು ಮರದ ನೆರಳಲ್ಲಿ ಕುಳಿತು ಹಣ್ಣು ಬಿಡಿಸಿ ತಿನ್ನುತ್ತಿದ್ದನು. ಅವನು ಗದರಲಿಲ್ಲ, ಕೋಲು ಎತ್ತಲಿಲ್ಲ.

“ನೀನೂ ಆ ನಜರೇತಿನವನ ಕಡೆಯವನೋ?”

“ಅಲ್ಲ, ಒಡೆಯ” ಎಂದನು ದತೇಮ.

“ಹಾಗಾದರೆ ಚಕ್ರವರ್ತಿಯ ಪ್ರತಿಮೆಗೆ ಒಂದು ಚಿಟಿಕೆ ಧೂಪ ಹಾಕು.”

ದತೇಮನು ಹಾಕಿದನು. ಧೂಪದ ಹೊಗೆಯು ಅವನ ಮುಖಕ್ಕೇ ಬಂತು. ಅಷ್ಟರಲ್ಲಿ ಇಬ್ಬರು ಸೈನಿಕರು ಅಮ್ಮಿಯಳನ್ನು ಹಿಡಿದು ತಂದರು. ದಳಪತಿಯು ಅವಳತ್ತ ಗಲ್ಲವೆತ್ತಿ, “ಈ ಮುದುಕಿಯನ್ನು ಬಲ್ಲೆಯಾ?” ಎಂದು ಕೇಳಿದನು.

ದತೇಮನು ಅವಳ ಮುಖ ನೋಡಲಿಲ್ಲ. ಧೂಳು ಮೆತ್ತಿದ ಅವಳ ಪಾದಗಳನ್ನು ನೋಡಿದನು. “ಯಾರೋ, ನನಗೆ ಗೊತ್ತಿಲ್ಲ.”

ದಳಪತಿಯು ಅವಳತ್ತ ತಿರುಗಿದನು. ಅರವತ್ತು ವರ್ಷಗಳಲ್ಲಿ ಅವಳ ಬಾಯಿಂದ ಒಂದು ಸುಳ್ಳನ್ನೂ ಆ ಕಣಿವೆ ಕೇಳಿರಲಿಲ್ಲ. ಅಂಥವಳು, “ನನಗೂ ಇವನ ಗುರುತಿಲ್ಲ, ಸ್ವಾಮಿ. ಬಿಟ್ಟುಬಿಡಿ, ಪಾಪ, ಅವನ ಕೆಲಸ ಅವನಿಗಿರುತ್ತದೆ” ಎಂದಳು. ಧೂಪದ ಬಟ್ಟಲನ್ನು ಮುಂದೆ ಹಿಡಿದಾಗ, “ಸ್ವಾಮಿ, ಧೂಪ ಮಾತ್ರ ಹಾಕಲಾರೆ” ಎಂದಳು.

ಮಧ್ಯಾಹ್ನದೊಳಗೆ, ಕಣಿವೆಯ ಪಡುವಣ ಬಂಡೆಯ ಬುಡದಲ್ಲಿ ಅವಳ ಶಿರಶ್ಛೇದವಾಯಿತು. ದತೇಮನು ಎಣ್ಣೆಯ ಕೊಡವನ್ನು ಮತ್ತೆ ಹೆಗಲಿಗೇರಿಸಿಕೊಂಡು ಸುರಂಗಕ್ಕೆ ಹೋದನು. ಒಳಗಿನವರು ಅಮ್ಮಿಯಳೆಲ್ಲಿ ಎಂದು ಕೇಳಲು, “ಪ್ರಭುವಿನ ಬಳಿಗೆ ಹೋದಳು” ಎಂದಷ್ಟೇ ಹೇಳಿದನು. ಅವರೆಲ್ಲರೂ ಅವನನ್ನು ತಬ್ಬಿಕೊಂಡು ಅತ್ತರು. ಆ ತೋಳುಗಳ ನಡುವೆ ನಿಂತಿದ್ದಾಗ ಅವನ ಮೈಯೆಲ್ಲ ಸುಟ್ಟಂತಾಯಿತು.

ಎರಡು ವರ್ಷಗಳ ತರುವಾಯ ಆ ಚಕ್ರವರ್ತಿಯು ಯುದ್ಧದಲ್ಲಿ ಮಡಿದು ಶಾಸನವು ಸಡಿಲಾಗಲು, ಭಕ್ತರು ಬೆಳಕಿಗೆ ಬಂದು, ಅಮ್ಮಿಯಳು ಬಿದ್ದ ಬಂಡೆಯಲ್ಲಿಯೇ ದೇವಾಲಯವನ್ನು ಕೊರೆಯಬೇಕೆಂದು ನಿಶ್ಚಯಿಸಿದರು. ಕೊರೆದವನು ದತೇಮ. ಕೆಲಸ ಮುಗಿದ ದಿನ ಸಭೆಯ ಹಿರಿಯನಾದ ಸಿಸಿನನು, ಸುರಂಗದ ಗುಟ್ಟನ್ನು ಕಾಪಾಡಿದ ಈ ಧೀರನನ್ನು ಸಭಾಸೇವಕನನ್ನಾಗಿ ಅಭಿಷೇಕಿಸಲು ಅವನ ತಲೆಯ ಮೇಲೆ ಕೈಯಿಡಹೋದನು. ದತೇಮನು ತಲೆಯನ್ನು ಪಕ್ಕಕ್ಕೆ ಸರಿಸಿದನು.

“ಕೈಯಿಡಬೇಡಿ, ಅಯ್ಯಾ” ಎಂದು, ನಡೆದದ್ದೆಲ್ಲವನ್ನೂ ಎಲ್ಲರೆದುರು ಹೇಳಿದನು.

ಸಿಸಿನನು, “ತುಂಬ ಹೊಡೆದರೇನು ನಿನ್ನನ್ನು?” ಎಂದು ಕೇಳಿದನು. ಹೌದೆನ್ನಲೆಂಬ ಆಸೆ ಆ ಧ್ವನಿಯಲ್ಲಿತ್ತು.

“ಇಲ್ಲ, ಅಯ್ಯಾ. ಕೈ ಕೂಡ ಎತ್ತಲಿಲ್ಲ.”

ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಮೆಲ್ಲಗೆ, “ನಿನ್ನನ್ನು ತಬ್ಬಿಕೊಂಡು ಅತ್ತೆವಲ್ಲೋ” ಎಂದಳು. ದತೇಮನಿಗೆ ಮರಣಪರ್ಯಂತ ಮರೆಯದ ಮಾತು ಅದೊಂದೇ.

ಅಂದಿನ ಸಭಾನಿಯಮದಂತೆ, ಪ್ರಭುವನ್ನು ನಿರಾಕರಿಸಿದವನು ದೇವಾಲಯದ ಹೊರಬಾಗಿಲಲ್ಲಿ ನಿಂತು, ಒಳಹೋಗುವವರನ್ನು ತನಗಾಗಿ ಪ್ರಾರ್ಥಿಸಿರೆಂದು ಬೇಡಬೇಕಿತ್ತು. ತಾನೇ ಕೊರೆದ ಬಾಗಿಲಿನ ಹೊರಗೆ, ಹಿಮದಲ್ಲಿಯೂ ಬಿಸಿಲಿನಲ್ಲಿಯೂ, ಭಾನುವಾರ ಭಾನುವಾರ ದತೇಮನು ನಿಂತನು. ನಾಲ್ಕನೆಯ ವರ್ಷ, ಸಾಕು ಬಾ ಎಂದು ಸಭೆಯವರೇ ಕರೆದರೂ ಅವನ ಕಾಲು ಏಳಲಿಲ್ಲ. ಏಳನೆಯ ವರ್ಷದ ಪುನರುತ್ಥಾನದ ಹಬ್ಬದ ಬೆಳಗ್ಗೆ, ಕಣ್ಣು ಮಂಜಾಗಿದ್ದ ಸಿಸಿನನು ಗೋಡೆ ಹಿಡಿದುಕೊಂಡು ಹೊರಗೆ ಬಂದು ಕೈಚಾಚಿದನು.

“ಒಳಗೆ ಪ್ರಾರ್ಥನೆಯಲ್ಲಿ ಅಮ್ಮನ ಹೆಸರು ಓದುತ್ತೀರಿ, ಅಯ್ಯಾ. ಅದನ್ನು ಕೇಳುತ್ತ ಯಾವ ಮುಖ ಹೊತ್ತು ನಿಲ್ಲಲಿ?” ಎಂದನು ದತೇಮ.

ಆಗ ಸಮಸ್ತ ಸಭೆಯೂ ಕೇಳುವಂತೆ ಅಶರೀರವಾಣಿಯಾಯಿತು: “ದತೇಮನೇ, ಏಳು ವರ್ಷ ನೀನು ಹೊರಗೆ ನಿಂತೆ, ನಿನ್ನೊಡನೆ ನಾನೂ ನಿಂತೆನು. ನಿನ್ನ ಗುರುತಿಲ್ಲವೆಂದವಳು ನನ್ನ ಸನ್ನಿಧಿಯಲ್ಲಿ ದಿನವೂ ಹೇಳುವುದು ನಿನ್ನ ಹೆಸರನ್ನೇ.”

ಆ ವಾಕ್ಯವು ಮುಗಿಯುತ್ತಲೇ ಅವನ ಪಾದಗಳ ಅಡಿಯಲ್ಲಿ ಒಣಬಂಡೆಯು ಒಡೆದು ನೀರು ಜಿನುಗಿ, ಕಣ್ಣೆದುರೇ ಊಟೆಯಾಗಿ ಹರಿಯಿತು. ಜನರು ಅವನ ಕಾಲಿಗೆರಗಲು ಬಂದಾಗ ಅವನು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು, “ಇದು ಅಮ್ಮನದು, ಅಮ್ಮನದೆನ್ನಿ” ಎಂದು ಬೇಡಿಕೊಂಡನು. ಅನಂತರ ಒದ್ದೆಗಾಲಲ್ಲಿ ಒಳಗೆ ಹೋಗಿ ಕಡೆಯ ಕಂಬದ ಬಳಿ ನಿಂತವನು, ಬದುಕಿರುವವರೆಗೂ ಅದನ್ನು ದಾಟಿ ಮುಂದಕ್ಕೆ ಹೋಗಲಿಲ್ಲ.

ಹೊರಬಾಗಿಲ ಬಂಡೆಯಲ್ಲಿ ಏಳು ವರ್ಷ ನಿಂತ ದತೇಮನ ಎರಡು ಪಾದಗಳ ಗುಳಿಗಳನ್ನೂ ಅವುಗಳ ನಡುವೆ ಬತ್ತದೆ ಹರಿಯುವ ಅಮ್ಮಿಯ ತೀರ್ಥವನ್ನೂ ಯಾತ್ರಿಕರು ಇಂದಿಗೂ ಕಾಣಬಹುದು. ಪುನರುತ್ಥಾನದ ಹಬ್ಬದ ಮರುಭಾನುವಾರ ಇಲ್ಲಿ ಉತ್ಸವ. ಅಂದು ಸಭೆಯ ಹಿರಿಯನೇ ಮೊದಲು ಹೊರಬಂದು ಗುಳಿಗಳಲ್ಲಿ ಪಾದವಿಟ್ಟು ನಿಂತು, ಒಳಹೋಗುವ ಪ್ರತಿಯೊಬ್ಬರಿಗೂ ಕೈಮುಗಿದು ಪ್ರಾರ್ಥನೆ ಬೇಡುತ್ತಾನೆ. ತೀರ್ಥವನ್ನು ಪಾತ್ರೆಯಲ್ಲಿ ಒಯ್ಯುವ ಪದ್ಧತಿಯಿಲ್ಲ. ತಾವು ಯಾರನ್ನು ಗೊತ್ತಿಲ್ಲವೆಂದಿದ್ದರೋ ಅವರ ಹೆಸರನ್ನು ತುಟಿಯಲ್ಲೇ ಹೇಳಿಕೊಂಡು, ಬೊಗಸೆಯಲ್ಲಿ ಹಿಡಿದಷ್ಟನ್ನು ಅಲ್ಲಿಯೇ ಕುಡಿದು, ಒದ್ದೆಗಾಲಲ್ಲೇ ಒಳಗೆ ಹೋಗತಕ್ಕದ್ದು.