ಗೋಲಯಂತ್ರದ ಕಳವಳ

ಜೋಯಿಸರ ಮಾಳಿಗೆಯಲ್ಲಿ ಒಂದು ಹಿತ್ತಾಳೆಯ ಗೋಲಯಂತ್ರವಿತ್ತು. ನಟ್ಟನಡುವೆ ಭೂಮಿ, ಸುತ್ತಲೂ ಬಳೆಗಳು, ಬಳೆಗೊಂದು ಗ್ರಹದ ಮಣಿ. ಎಲ್ಲವೂ ಭೂಮಿಯನ್ನೇ ಸುತ್ತುತ್ತಿದ್ದವು. ಹೊಸದಾಗಿ ಬಂದ ದುರ್ಬೀನು ಒಂದು ಸಂಜೆ, "ಗುರುಗ್ರಹದ ಪಕ್ಕದಲ್ಲಿ ನಾಲ್ಕು ಚುಕ್ಕಿಗಳಿವೆ. ದಿನವೂ ಜಾಗ ಬದಲಿಸುತ್ತವೆ, ಗುರುವನ್ನೇ ಸುತ್ತುವ ಹಾಗಿದೆ" ಎಂದಿತು.

ಗೋಲಯಂತ್ರ ತಟ್ಟನೆ ಅದರ ಮಾತು ತಡೆಯಿತು. "ಧೂಳು ಕಣಯ್ಯಾ ಅದು. ಮೊದಲು ಗಾಜು ಒರೆಸಿಸಿಕೋ."

ಜೋಯಿಸರು ಪಂಚೆಯ ಚುಂಗಿನಿಂದ ಗಾಜು ಒರೆಸಿದರು. ಮರುದಿನ ಕಂಡದ್ದು ಮೂರೇ ಚುಕ್ಕಿ. "ನೋಡಿದೆಯಾ, ಒಂದು ಹೋಯಿತು!" ಎಂದು ಗೋಲಯಂತ್ರ ನಿರಾಳವಾಗಿ ಉಸಿರು ಬಿಟ್ಟಿತು. ಅದರ ಮಾರನೆಯ ದಿನ ಮತ್ತೆ ನಾಲ್ಕು. ಹೋದದ್ದು ಗುರುವಿನ ಆಚೆ ಬದಿಯಿಂದ ಇಣುಕುತ್ತಿತ್ತು.

"ಒರೆಸಿದ ಧೂಳು ಹಿಂದಿನಿಂದ ಬಳಸಿಕೊಂಡು ಬರುವುದಿಲ್ಲ ಸ್ವಾಮಿ," ಎಂದಿತು ದುರ್ಬೀನು.

"ಮೆಲ್ಲಗೆ ಮಾತಾಡಯ್ಯಾ! ನನ್ನ ಮೈಯಲ್ಲಿ ಅವಕ್ಕೆ ಜಾಗವೆಲ್ಲಿದೆ? ಜೋಯಿಸರಿಗೆ ಗೊತ್ತಾದರೆ ನನ್ನನ್ನು ಕುಲುಮೆಗೆ ಹಾಕಿಸುತ್ತಾರೆ."

"ಗೊತ್ತಾಗುವುದೇನು ಬಂತು, ನನ್ನೊಳಗಿಂದ ನೋಡುತ್ತಿರುವವರೇ ಅವರು."

ಬೆಳಗಾಗುವವರೆಗೂ ಗೋಲಯಂತ್ರದ ಬಳೆಗಳು ಗಡಗಡ ನಡುಗಿದವು. ಜೋಯಿಸರು ಬಂದರು, ಕುಲುಮೆಯ ಮಾತನ್ನೇ ಎತ್ತಲಿಲ್ಲ. ಗುರುವಿನ ಮಣಿಗೆ ಸಣ್ಣ ತಂತಿ ಸುತ್ತಿ, ಸಾಸಿವೆ ಗಾತ್ರದ ನಾಲ್ಕು ಮಣಿ ಪೋಣಿಸಿದರು. ಬಳೆ ತಿರುಗಿಸಿದರೆ ಎಲ್ಲವೂ ಮೊದಲಿನಂತೆಯೇ ತಿರುಗಿತು.

"ಇಷ್ಟೇನಾ! ಇಷ್ಟಕ್ಕಾ ನಾನು ಹೆದರಿದ್ದು!" ಎಂದುಕೊಂಡಿತು ಗೋಲಯಂತ್ರ.

ಅಷ್ಟರಲ್ಲಿ ಜೋಯಿಸರ ಬೆರಳು ಬಳೆಗಳ ನಡುವೆ ತೂರಿ ಒಳಗೆ ಬಂತು. ನಟ್ಟನಡುವಿನ ಭೂಮಿಯನ್ನು, ಕದಲುತ್ತದೆಯೇ ಎಂದು, ಮೆಲ್ಲಗೆ ಅಲ್ಲಾಡಿಸಿ ನೋಡಿತು.