ಶೇಂಗಾ ಬೇರಿನ ಗಂಟು

ಕೃಷಿ ಕಾಲೇಜಿನ ಪ್ರಯೋಗಶಾಲೆಗೆ ತಪಾಸಣೆಗೆ ಬಂದ ಸಾಹೇಬರು ಒಂದೇ ಹಟ ಹಿಡಿದರು.

"ಮೂರು ವರ್ಷದಿಂದ ಬ್ಯಾಕ್ಟೀರಿಯಾ ಸಾಕಿದ್ದೀರಂತೆ. ಎಲ್ಲಿವೆ? ನನ್ನ ಕಣ್ಣಿಗೆ ಕಾಣಬೇಕು. ಇಲ್ಲದಿದ್ದರೆ ಸಂಶೋಧನೆ ಇವತ್ತೇ ಬಂದ್!"

ಡಾಕ್ಟರ್ ಶಾಂಭವಿ ಹಿರೇಮಠ ಸೂಕ್ಷ್ಮದರ್ಶಕದತ್ತ ಕೈ ತೋರಿಸಿದರು.

"ಆ ಕೊಳವೆಯೆಲ್ಲ ಬೇಡ," ಎಂದರು ಸಾಹೇಬರು.

ಕುಂಡಗಳಿಗೆ ನೀರು ಹಾಕುತ್ತಿದ್ದ ಫಕೀರವ್ವ ಒಂದು ಶೇಂಗಾ ಗಿಡ ಕಿತ್ತು, ಬೇರು ತೊಳೆದು ತಂದಳು. ಬೇರಿನ ತುಂಬ ಸಾಸಿವೆ ಗಾತ್ರದ ಗಂಟುಗಳು.

"ಇದು ಅವುಗಳ ಆಫೀಸು ರೀ ಸಾಹೇಬ್ರ. ಅವು ಒಳಗ ಅದಾವ್ರಿ."

"ಇವೆ ಅಂತ ಹೇಗೆ ನಂಬಲಿ?"

ಫಕೀರವ್ವ ಉಗುರಿನಿಂದ ಒಂದು ಗಂಟು ಸೀಳಿದಳು. "ಒಳಗ ಕೆಂಪಗಿದ್ರ ಗಾಳಿಯಿಂದ ಗೊಬ್ಬರ ಮಾಡೋ ಕೆಲಸ ನಡದೈತ್ರಿ. ಬೆಳ್ಳಗಿದ್ರ ಸುಮ್ನ ಕುಂತಾವ."

ಗಂಟು ಕೆಂಪಗೇ ಇತ್ತು. ಸಾಹೇಬರು ತಬ್ಬಿಬ್ಬಾದರು.

"ಯಾರೂ ನೋಡದಿದ್ದರೂ ಕೆಲಸ ನಡೆಯುತ್ತದೆಯೇ?"

"ನೋಡಾಕ ಬರದಿದ್ರ ಇನ್ನೂ ಚಲೋ ನಡೀತೈತ್ರಿ. ಈಗ ನಿಮಗ ತೋರಿಸಾಕ ಹೋಗಿ ಒಂದು ಗಿಡ ಹೋತು. ಇನ್ನೊಂದು ಕೀಳ್ಲೇನ್ರಿ?"

ಇದು ಬ್ಯಾಕ್ಟೀರಿಯಾದ ಮಾತೋ ತಮ್ಮ ಮಾತೋ ಸಾಹೇಬರಿಗೆ ತಿಳಿಯಲಿಲ್ಲ. ಡಾಕ್ಟರ ಮುಖ ನೋಡಿದರು. ಅವರು ಕಿಟಕಿಯಾಚೆ ನೋಡುತ್ತಿದ್ದರು.

"ಬೇಡ, ಬೇಡ," ಎಂದ ಸಾಹೇಬರು, 'ಸಂಶೋಧನೆ ಮುಂದುವರಿಯಲಿ' ಎಂದು ಬರೆದು ಸರಸರನೆ ಜೀಪು ಹತ್ತಿದರು.