ಬಂಡೆಯನ್ನು ಬಿಟ್ಟು ಹೋಗದ ನೀಲಿ ಹೂವು

ನಮ್ಮದು ಮಡಿಕೇರಿಯಲ್ಲಿ ನಾಲ್ಕು ತಲೆಮಾರಿನಿಂದ ಮರ್ಯಾದೆಯಾಗಿ ಬಾಳಿದ ಮನೆತನ, ದೇಚು. ನನ್ನ ಅಜ್ಜ ನ್ಯಾಯ ಹೇಳಿದರೆ ಸೋತವರೂ ಕೈಮುಗಿದು ಹೋಗುತ್ತಿದ್ದರು. ನನ್ನ ತಂದೆ ಮೂವತ್ತೊಂದು ವರ್ಷ ಫಲಪುಷ್ಪ ಪ್ರದರ್ಶನದ ತೀರ್ಪುಗಾರರು. ನನಗೆ ಕಾನ್ವೆಂಟಿನಲ್ಲಿ ಮೊದಲು ಕಲಿಸಿದ್ದೇ ತಪ್ಪು ಮಾಡಿದರೆ ಎದ್ದು ನಿಂತು ಹೇಳುವುದನ್ನು. ನಿನ್ನ ಅಜ್ಜ ಸೈನ್ಯದಿಂದ ನಿವೃತ್ತರಾಗಿ ಬಂದಾಗ ಹಿಮಾಲಯದಿಂದ ತಂದದ್ದು ಜೆನ್ಷಿಯನ್ ಎಂಬ ಈ ನೀಲಿ ಹೂವಿನ ಬೀಜ ಮಾತ್ರ. ಅವರು ಹೋಗಿ ಹನ್ನೊಂದು ವರ್ಷವಾಯಿತು.

ನೆಟ್ಟಗೆ ಕೂತು ಕಥೆ ಕೇಳು.

ಲೋಕ ಹೊಸದಾಗಿದ್ದಾಗ ಎಲ್ಲ ಹೂಗಳೂ ಎತ್ತರವಾಗಿ ನಿಲ್ಲುತ್ತಿದ್ದವು. ನೀಲಿ ಹೂವು ತನ್ನ ತಂಗಿಯೊಡನೆ ಶಿಖರದ ಬೋಳು ಬಂಡೆಯ ಪಕ್ಕ ನಿಂತಿತ್ತು.

ಹಿಮದ ಗಾಳಿ ಬಂತು. "ನಿಂತವರೆಲ್ಲ ಹೊರಡಿ," ಎಂದಿತು. ಮರಗಳು ಇಳಿದು ಹೋದವು. ಪೊದೆಗಳು ಇಳಿದು ಹೋದವು.

"ಎಲ್ಲರೂ ಹೋದರೆ ನನ್ನ ಹತ್ತಿರ ಯಾರಿರುತ್ತಾರೆ?" ಎಂದಿತು ಬಂಡೆ.

"ನಾವಿರುತ್ತೇವೆ," ಎಂದಿತು ನೀಲಿ ಹೂವು.

"ಇರುವುದಾದರೆ ನಿಲ್ಲುವಂತಿಲ್ಲ," ಎಂದಿತು ಗಾಳಿ.

ಅಕ್ಕತಂಗಿಯರು ಮಲಗಿದರು. ಬಂಡೆಗೆ ಕೆನ್ನೆ ಒತ್ತಿದರು, ಬಿರುಕಿನಲ್ಲಿ ಬೇರಿಳಿಸಿದರು. ಹೊಟ್ಟೆ ತುಂಬುತ್ತಿರಲಿಲ್ಲ, ಆದರೆ ಜೀವವಿತ್ತು.

ಆಗ ಹಿಮ ಕರಗಿ ಹುಟ್ಟಿದ ಎಳೆಯ ನದಿ ಆ ದಾರಿಯಲ್ಲಿ ಬಂತು.

"ಅಯ್ಯೋ, ಎಷ್ಟು ಸೊರಗಿದ್ದೀರಿ. ಇರಿ, ಬಡಿಸುತ್ತೇನೆ."

"ಬೇಡಮ್ಮ. ನಮಗೆ ಕಲ್ಲೇ ಸಾಕು."

"ಸಂಕೋಚ ಯಾಕೆ? ನನ್ನ ಕೈಯಲ್ಲಿ ಉಂಡು ಯಾರೂ ಕೆಟ್ಟಿಲ್ಲ."

ನದಿ ಅವರ ಕುತ್ತಿಗೆಯವರೆಗೆ ಕಪ್ಪು ಕೆಸರು ಸುರಿಯಿತು. ಮೂರು ದಿನ ಸುರಿಯಿತು. ನಾಲ್ಕನೆಯ ದಿನ ತಂಗಿಯ ಕುತ್ತಿಗೆ ಕೊಳೆತು ಕಳಚಿತು.

"ತಂಗಿ ಸತ್ತಳು," ಎಂದಿತು ಹೂವು.

"ನಾನು ಒಳ್ಳೆಯದಕ್ಕೇ ಮಾಡಿದೆ," ಎಂದಿತು ನದಿ. "ಒಳ್ಳೆಯದಕ್ಕೇ ಮಾಡಿದೆ," ಎಂದು ಗೊಣಗುತ್ತಲೇ ಬೆಟ್ಟ ಇಳಿಯಿತು. ಇಂದಿಗೂ ಗೊಣಗುತ್ತಲೇ ಇಳಿಯುತ್ತದೆ. ತಿರುಗಿ ನೋಡುವುದಿಲ್ಲ.

"ಅಜ್ಜಿ, ನಾನು..."

ಕಥೆಯ ನಡುವೆ ಮಾತಿಲ್ಲ, ದೇಚು.

ಅದಕ್ಕೇ ಈ ಹೂವನ್ನು ಬೆಳೆಸುವವರು ಕಲ್ಲುಬಾನಿಯ ತಳಕ್ಕೆ ತೂತು ಕೊರೆದು, ಮುಕ್ಕಾಲು ಪಾಲು ಸಣ್ಣ ಜಲ್ಲಿಯನ್ನೇ ತುಂಬುತ್ತಾರೆ. ಗಿಡದ ಕುತ್ತಿಗೆಯ ಸುತ್ತ ಹರಳುಕಲ್ಲು ಹಾಸುತ್ತಾರೆ. ನೀರನ್ನು ಬೆಳಗ್ಗೆ, ಅಂಚಿನಲ್ಲಿ ಮಾತ್ರ ಬಿಡುತ್ತಾರೆ. ಮಳೆಗಾಲದಲ್ಲಿ ಬಾನಿಯನ್ನು ಸೂರಿನ ಕೆಳಗೆ ಇಡುತ್ತಾರೆ. ಬಿಸಿಲಿಗೆ ಒಡ್ಡುತ್ತಾರೆ, ಬಿಸಿಗೆ ಒಡ್ಡುವುದಿಲ್ಲ. ಗೊಬ್ಬರ ತುಂಬಿದ ಮಣ್ಣು ಕೊಡುವುದೇ ಇಲ್ಲ.

ನಮ್ಮ ಬಾನಿಯಲ್ಲಿ ಎರಡು ಗಿಡಗಳಿದ್ದವು. ಅಡುಗೆಯ ಚೋಂದಮ್ಮ ಗುಲಾಬಿಗೆ ಅಕ್ಕಿ ತೊಳೆದ ನೀರು ಹಾಕುವುದನ್ನು ನೋಡಿ, ನೀನು ದನಕ್ಕಿಟ್ಟ ಕಲಗಚ್ಚನ್ನೇ ಚೊಂಬಿನಲ್ಲಿ ತಂದು ವಾರವಿಡೀ ಇಲ್ಲಿ ಸುರಿದೆ. ಈಗ ಒಂದೇ ಗಿಡವಿದೆ. ಕೇಳಿದರೆ, "ಒಳ್ಳೆಯದಕ್ಕೇ ಹಾಕಿದೆ, ಅಜ್ಜಿ," ಎಂದೆ.

ನೋಡು, ಮೋಡ ಕವಿಯಿತು. ಉಳಿದವಳು ದಳ ಮುಚ್ಚಿಕೊಂಡಳು. ಮೋಡ ಕಂಡಾಗಲೆಲ್ಲ ನೀಲಿ ಹೂವು ಹೀಗೆ ಮುಚ್ಚಿಕೊಳ್ಳುವುದು ನದಿ ಮತ್ತೆ ಬಡಿಸಲು ಬಂತೆಂದು ಹೆದರಿ. ಅಂದಿನಿಂದ ಇಂದಿನವರೆಗೆ ತಪ್ಪಾಯಿತು ಎಂದು ಯಾರೂ ಅದಕ್ಕೆ ಹೇಳಿಲ್ಲ.

ನೀನು ನದಿಯಲ್ಲ, ಈ ಮನೆಯ ಹುಡುಗಿ. ಎದ್ದು ನಿಂತು ಕ್ಷಮೆ ಕೇಳು.